ನಮ್ಮ ಕೈಯಾಗ ಏನದರಿ?

(ಕಲಬುರಗಿಯಲ್ಲಿ ಶಿಕ್ಷಕರು, ಗ್ರಂಥಾಲಯದವರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಇಷ್ಟು ಬಿಸಿಲಲ್ಲಿ ಆಳಂದ, ಚಿಂಚೋಳಿ, ಸುರಪುರ, ಔರಾದದಿಂದ ಬಸ್ಸು ಹಿಡಿದು ಬಂದಿದ್ದೀರಿ. ಅದೂ ಭಾನುವಾರ. ವಾರದ ಮನೆಕೆಲಸವೆಲ್ಲ ಇವತ್ತಿಗೇ ಅಂತ ಇಟ್ಟುಕೊಂಡಿರುತ್ತೀರಿ. ಆದರೂ ಬಂದಿರಿ. ನನಗೆ ತುಂಬಾ ಸಂತೋಷ.

ಸಂಘಟಕರು ನನಗೆ ಕೊಟ್ಟ ವಿಷಯ ‘ಶಿಕ್ಷಣ ಮತ್ತು ಅದರ ಸುತ್ತಲಿನ ಕೆಲಸಗಳಲ್ಲಿ ವೃತ್ತಿ ಸ್ವಾಯತ್ತತೆಯ ಇತಿಹಾಸ’. ಮಾತು ಸ್ವಲ್ಪ ಭಾರ. ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿದೆ. ಅಷ್ಟು ವರ್ಷದಲ್ಲಿ ಸ್ಟಾಫ್ ರೂಮಿನಲ್ಲಿ ಒಬ್ಬರ ಬಾಯಲ್ಲೂ ಸ್ವಾಯತ್ತತೆ ಅನ್ನೋ ಪದ ಕೇಳಲಿಲ್ಲ. ದಿನಾ ಕೇಳಿದ್ದು ಬೇರೆ ಮಾತು. ‘ನಮ್ಮ ಕೈಯಾಗ ಏನದರಿ?’ ವರ್ಗಾವಣೆ ವಿಷಯ ಬಂದಾಗ ಇದೇ ಮಾತು. ಪುಸ್ತಕ ತಡವಾದಾಗ ಇದೇ ಮಾತು. ಐದನೇ ತರಗತಿಗೆ ಬಂದ ಹುಡುಗನಿಗೆ ಓದಲು ಬರುತ್ತಿಲ್ಲ ಅಂತ ಗೊತ್ತಾದಾಗಲೂ ಇದೇ ಮಾತು.

ಹಾಗಾಗಿ ನಾನು ಈ ಪ್ರಶ್ನೆಯನ್ನೇ ಹಿಡಿದುಕೊಂಡು ಬಂದಿದ್ದೇನೆ. ಕಲಿಸೋರ ಕೈಯಲ್ಲಿ ಒಂದು ಕಾಲಕ್ಕೆ ಏನಿತ್ತು? ಅದು ಯಾರ ಕೈಗೆ ಹೋಯಿತು? ಯಾಕೆ ಹೋಯಿತು? ಈಗ ಎಷ್ಟು ಉಳಿದಿದೆ?

ದೂರ ಹೋಗೋದು ಬೇಡ. ಚಿತ್ತಾಪುರದ ಪಕ್ಕದ ನಾಗಾವಿಯಿಂದಲೇ ಶುರು ಮಾಡೋಣ. ನಾಗಾವಿ ಅಂದರೆ ನಮಗೆಲ್ಲ ಎಲ್ಲಮ್ಮನ ಗುಡಿ ನೆನಪಾಗುತ್ತೆ. ಅಲ್ಲಿಗೆ ಹೋದವರು ಅರವತ್ತು ಕಂಬದ ಗುಡಿಯನ್ನೂ ನೋಡಿರುತ್ತೀರಿ. ಕಲ್ಲು ತಂಪಾಗಿರುತ್ತೆ, ಕೂತರೆ ಏಳೋ ಮನಸ್ಸಾಗಲ್ಲ. ಅದೇ ಊರಲ್ಲಿ ಒಂದು ಘಟಿಕಾಸ್ಥಾನ ಇತ್ತು. ಅಂದರೆ ದೊಡ್ಡ ವಿದ್ಯಾಕೇಂದ್ರ. ಕಲ್ಯಾಣದ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲ ಅದು. 1058ರ ಶಾಸನದಲ್ಲಿ ಅದರ ಲೆಕ್ಕ ಇದೆ. ಮಧುಸೂದನ ಎಂಬ ದಂಡನಾಯಕ ನಡೆಸಿಕೊಟ್ಟ ವ್ಯವಸ್ಥೆ. ವೇದ ಓದುವವರು 200 ಜನ, ಶಾಸ್ತ್ರ ಓದುವವರು 50 ಜನ. ವೇದ ಕಲಿಸಲು ಮೂವರು, ಶಾಸ್ತ್ರ ಕಲಿಸಲು ಮೂವರು. ಇವರ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರು. ಪುಸ್ತಕ ಭಂಡಾರ ನೋಡಿಕೊಳ್ಳೋರು.

ಇಲ್ಲಿ ಗ್ರಂಥಾಲಯದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಈ ಲೆಕ್ಕ ನಿಮಗಾಗಿಯೇ ಹೇಳಿದೆ. ಕಲಿಸೋರು ಆರು, ಪುಸ್ತಕ ನೋಡೋರು ಆರು. ಸರಿಸಮ! ಆಗ ಪುಸ್ತಕ ಅಂದರೆ ಓಲೆಗರಿ. ಹುಳ ಹತ್ತದಂತೆ ಕಾಯಬೇಕು. ಸವೆದದ್ದನ್ನು ಮತ್ತೆ ಬರೆಸಬೇಕು. ಯಾವ ಕಟ್ಟಿನಲ್ಲಿ ಏನಿದೆ ಅಂತ ತಿಳಿದಿರಬೇಕು. ತಿಳಿಯದವರಿಂದ ಆಗೋ ಕೆಲಸ ಅಲ್ಲ. ಅದಕ್ಕೇ ಅವರನ್ನು ಪಂಡಿತರ ಸಾಲಿನಲ್ಲೇ ಕೂಡಿಸಿದ್ದರು. ಅಲ್ಲಿ ಯಾರಿಗೂ ತಿಂಗಳ ಪಗಾರ ಇರಲಿಲ್ಲ. ಮತ್ತರು ಅನ್ನೋ ಆಗಿನ ಭೂಮಿ ಅಳತೆಯ ಲೆಕ್ಕದಲ್ಲಿ ಭೂಮಿ ಬಿಟ್ಟಿದ್ದರು. ಭಂಡಾರಿಗರಿಗೂ ಭೂಮಿ ಬಿಟ್ಟಿದ್ದರು.

ಈ ಭೂಮಿ ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಹೊಲದ ಉತ್ಪತ್ತಿ ಹೊಲದಿಂದ ಬರುತ್ತೆ. ‘ಈ ತಿಂಗಳು ನಿನ್ನ ಬಿಲ್ಲಿಗೆ ಸಹಿ ಹಾಕಲ್ಲ’ ಅನ್ನೋರು ನಡುವೆ ಯಾರೂ ಇಲ್ಲ. ಹೊಟ್ಟೆಯ ಚಿಂತೆ ಇಲ್ಲದವನು ತನ್ನ ಪಾಠ ತಾನು ತೀರ್ಮಾನಿಸುತ್ತಾನೆ. ಕಲಿಸೋರ ಸ್ವಾತಂತ್ರ್ಯದ ಬಗ್ಗೆ ಮಾತಾಡುವಾಗ ನಾವು ಜಾಸ್ತಿ ಆದರ್ಶದ ಮಾತೇ ಆಡುತ್ತೇವೆ. ಅನ್ನದ ಮಾತು ಬಿಟ್ಟುಬಿಡುತ್ತೇವೆ. ಇವತ್ತು ನಮ್ಮ ಭಾಗದ ಎಷ್ಟೋ ಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿವೆ. ಜೂನಿನಲ್ಲಿ ಕರೆಯುತ್ತಾರೆ, ಮಾರ್ಚಿನಲ್ಲಿ ಬಿಡಿಸುತ್ತಾರೆ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಹುಡುಗಿಗೆ ‘ನಿನ್ನ ತರಗತಿ, ನೀನೇ ನಿರ್ಧಾರ ಮಾಡು’ ಅಂತ ಹೇಳೋಕೆ ನಮಗೆ ಬಾಯಿ ಹೇಗೆ ಬರುತ್ತೆ?

ಆದರೆ ನಾಗಾವಿಯನ್ನು ಸುಮ್ನೆ ಹೊಗಳಿ ಮುಂದೆ ಹೋಗೋದು ತಪ್ಪಾಗುತ್ತೆ. ಆ 250 ಜನರಲ್ಲಿ ನಮ್ಮ ನಿಮ್ಮ ಅಜ್ಜಂದಿರು ಎಷ್ಟು ಜನ ಇದ್ದರು? ಒಕ್ಕಲಿಗನ ಮಗ ಇದ್ದನಾ? ಮಡಿವಾಳರ ಮಗ? ಒಬ್ಬ ಹೆಣ್ಣುಮಗಳಾದರೂ? ಅದು ವೇದ ಓದುವ ಹಕ್ಕಿದ್ದವರ ಜಾಗ. ಉಳಿದವರಿಗೆ ಆ ಬಾಗಿಲು ಇರಲೇ ಇಲ್ಲ. ಕಲಿಸೋರು ಸ್ವತಂತ್ರರಾಗಿದ್ದರು ನಿಜ. ಯಾರನ್ನು ಒಳಗೆ ಬಿಡಬಾರದು ಅನ್ನೋದೂ ಆ ಸ್ವಾತಂತ್ರ್ಯದಲ್ಲಿ ಸೇರಿತ್ತು. ಸುಮಾರು ನೂರು ವರ್ಷದ ನಂತರ ಇಲ್ಲೇ ಕಲ್ಯಾಣದಲ್ಲಿ ಶರಣರು ಬಂದು ಈ ಮಾತನ್ನೇ ಎತ್ತಿದರು. ಅಂಬಿಗ, ಮಾದಾರ, ಡೋಹಾರ ಎಲ್ಲರೂ ಅನುಭವ ಮಂಟಪದಲ್ಲಿ ಕೂತು ಮಾತಾಡಿದರು. ಆಯ್ದಕ್ಕಿ ಮಾರಯ್ಯ ಅಂತೂ ಕಾಯಕದಲ್ಲಿ ಮುಳುಗಿದ್ದಾಗ ಗುರು ಬಂದರೂ ಮರೆಯಬೇಕು, ಜಂಗಮ ಎದುರಿಗೆ ನಿಂತರೂ ಹಂಗು ಹರಿಯಬೇಕು ಅಂದುಬಿಟ್ಟ. ಈ ಮಾತು ನೆನಪಿಟ್ಟುಕೊಳ್ಳಿ. ತರಗತಿ ಬಾಗಿಲಿಗೆ ಸಾಹೇಬರು ಬಂದು ನಿಲ್ಲೋ ಕಥೆ ಮುಂದೆ ಹೇಳ್ತೀನಿ, ಆಗ ಬೇಕಾಗುತ್ತೆ.

ಬೀದರಿನವರಿಗೆ ಮಹಮೂದ್ ಗವಾನನ ಮದರಸಾ ಬಗ್ಗೆ ನಾನು ಹೇಳಬೇಕಾಗಿಲ್ಲ. ಇರಾನಿನ ಗಿಲಾನದಿಂದ ಬಂದವನು, ಬಹಮನಿ ರಾಜ್ಯದ ಮಂತ್ರಿಯಾದವನು, 1472ರ ಹೊತ್ತಿಗೆ ಮೂರು ಅಂತಸ್ತಿನ ಮದರಸಾ ಕಟ್ಟಿಸಿದ. ಉಳಿದಿರೋ ಒಂದು ಮಿನಾರಿನ ಮೇಲೆ ನೀಲಿ ಹೆಂಚು ಇನ್ನೂ ಅಂಟಿಕೊಂಡಿದೆ. ಮುಂಜಾನೆ ಎಳೆ ಬಿಸಿಲು ಬಿದ್ದಾಗ ನೋಡಬೇಕು. ಕಲಿಸೋರಿಗೆ, ಕಲಿಯೋರಿಗೆ ಅಲ್ಲೇ ವಾಸ, ಅಲ್ಲೇ ಊಟ. ಮೂರು ಸಾವಿರ ಪುಸ್ತಕ ಇದ್ದವಂತೆ. ಗವಾನ್ ದೂರದೂರದ ಪಂಡಿತರಿಗೆ ಕಾಗದ ಬರೆದು ಕರೆದ. ಪರ್ಶಿಯನ್ ಕವಿ ಜಾಮಿಯನ್ನೂ ಕರೆದಿದ್ದ, ಅವನು ಬರಲಿಲ್ಲ. ದೊಡ್ಡ ಕೆಲಸ. ಆದರೆ ಎಲ್ಲವೂ ಒಬ್ಬನ ಆಸರೆಯ ಮೇಲೆ ನಿಂತಿತ್ತು. 1481ರಲ್ಲಿ ಖೊಟ್ಟಿ ಕಾಗದದ ಸಂಚಿಗೆ ಸಿಕ್ಕಿ, ಸುಲ್ತಾನನ ಅಪ್ಪಣೆಯಿಂದಲೇ ಅವನ ತಲೆ ಹೋಯಿತು. ಔರಂಗಜೇಬನ ಕಾಲಕ್ಕೆ ಆ ಕಟ್ಟಡದಲ್ಲಿ ಸೈನಿಕರು ಮದ್ದಿನ ದಾಸ್ತಾನು ಇಟ್ಟಿದ್ದರು. ಅದು ಸಿಡಿದು ಅರ್ಧ ಕಟ್ಟಡ ಉರುಳಿತು. ಪಾಠದ ಕೋಣೆ ಮದ್ದಿನ ಕೋಣೆಯಾದಾಗ ಬೇಡ ಅನ್ನಲು ಅಲ್ಲಿ ಒಬ್ಬ ಮೇಷ್ಟ್ರೂ ಉಳಿದಿರಲಿಲ್ಲ.

ಇದೆಲ್ಲ ದೊಡ್ಡವರ ವಿದ್ಯೆ. ಊರಲ್ಲಿ ಇದ್ದದ್ದು ಐಗಳ ಶಾಲೆ, ಗಾಂವಠಿ ಶಾಲೆ. ಗುಡಿಯ ಕಟ್ಟೆಯೋ, ಮಠದ ಪಡಸಾಲೆಯೋ. ಮಳಲಿನ ಮೇಲೆ ಬೆರಳಲ್ಲಿ ಅಕ್ಷರ. ಮಗ್ಗಿ, ಲೆಕ್ಕ, ಕಾಗದ ಬರೆಯೋದು. ಐಗಳಿಗೆ ಸುಗ್ಗಿಯಲ್ಲಿ ಜೋಳ, ಹಬ್ಬಕ್ಕೆ ಧೋತರ. ಏನು ಕಲಿಸಬೇಕು, ಎಷ್ಟು ದಿನ, ಯಾವ ಹುಡುಗ ಮುಂದೆ ಹೋಗಬೇಕು ಎಲ್ಲ ಐಗಳದೇ ತೀರ್ಮಾನ. ಬೆತ್ತವೂ ಅವರದೇ. ಸರಿಯಾಗಿ ಕಲಿಸಲಿಲ್ಲ ಅಂದರೆ ಊರವರು ಜೋಳ ನಿಲ್ಲಿಸುತ್ತಿದ್ದರು. ಅಷ್ಟೇ ತಪಾಸಣೆ.

ಬ್ರಿಟಿಷರ ಭಾಗದಲ್ಲಿ ಇದು ಬದಲಾದದ್ದು 1854ರ ವುಡ್ ವರದಿಯ ನಂತರ. ಪ್ರತಿ ಪ್ರಾಂತಕ್ಕೂ ಶಿಕ್ಷಣ ಇಲಾಖೆ ಬಂತು. ಶಾಲೆಗೆ ಅನುದಾನ ಬಂತು. ಅನುದಾನದ ಹಿಂದೆಯೇ ಇನ್‌ಸ್ಪೆಕ್ಟರ್ ಬಂದರು. ಅತ್ತ ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬವರು ಹೊಸ ಕಟ್ಟಳೆ ತಂದರು. ‘ಫಲಿತಾಂಶಕ್ಕೆ ತಕ್ಕ ಹಣ’ ಅಂತ ಅದಕ್ಕೆ ಹೆಸರಾಯಿತು. ಮಗು ಹಾಜರಿದ್ದರೆ ವರ್ಷಕ್ಕೆ 4 ಶಿಲಿಂಗ್. ಇನ್‌ಸ್ಪೆಕ್ಟರ್ ಮುಂದೆ ಓದು, ಬರಹ, ಲೆಕ್ಕ ಮೂರರಲ್ಲೂ ಪಾಸಾದರೆ ಇನ್ನೂ 8 ಶಿಲಿಂಗ್. ಒಂದರಲ್ಲಿ ನಪಾಸಾದರೆ ಆ ಎಂಟರಲ್ಲಿ ಮೂರರ ಒಂದು ಪಾಲು ಕಡಿತ. ಶಾಲೆಯ ಹಣ, ಅದರಿಂದ ಮೇಷ್ಟ್ರ ಸಂಬಳ, ಎಲ್ಲ ಆ ಒಂದು ದಿನದ ಪರೀಕ್ಷೆಗೆ ಗಂಟು ಬಿತ್ತು.

ಏನಾಯಿತು ಅಂತ ನೀವೇ ಹೇಳಬಲ್ಲಿರಿ. ಮೂರು ವಿಷಯ ಬಿಟ್ಟು ಉಳಿದದ್ದೆಲ್ಲ ಮೂಲೆಗೆ ಹೋಯಿತು. ಹಾಡು ಹೋಯಿತು, ಭೂಗೋಳ ಹೋಯಿತು. ಮಕ್ಕಳು ಓದಿನ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದರು. ಕವಿ ಮ್ಯಾಥ್ಯೂ ಆರ್ನಲ್ಡ್ ಆಗ ಸ್ವತಃ ಶಾಲಾ ಇನ್‌ಸ್ಪೆಕ್ಟರ್. ಸರ್ಕಾರದ ನೌಕರಿಯಲ್ಲಿದ್ದುಕೊಂಡೇ ಇದು ಕಲಿಕೆಯನ್ನು ಕೊಲ್ಲುತ್ತೆ ಅಂತ ಬಹಿರಂಗವಾಗಿ ಬರೆದರು. 1860ರ ದಶಕದಲ್ಲೇ ಈ ಪದ್ಧತಿ ಮದ್ರಾಸ್, ಮುಂಬಯಿ ಪ್ರಾಂತಗಳಿಗೂ ಬಂತು. ಇಂಗ್ಲೆಂಡ್ ಅದನ್ನು ಪೂರ್ತಿ ಕೈಬಿಡೋ ಹೊತ್ತಿಗೆ ಸುಮಾರು 35 ವರ್ಷ ಕಳೆದಿತ್ತು.

ಇದು ಹಳೇ ಕಥೆ, ನಮಗೇನು ಸಂಬಂಧ ಅಂತೀರಾ? 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆಯ ಸ್ಥಾನ, ಶೇ. 50.59. 2025ರಲ್ಲಿ ಕಲಬುರಗಿ ಕೊನೆಯ ಸ್ಥಾನ, ಶೇ. 42.43. ಆ ದಿನ ಟಿವಿ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಅದು ನಮ್ಮ ಮಕ್ಕಳ ಸೋಲು, ನಮ್ಮ ಸೋಲು. ಆದರೆ ಮಾರನೇ ದಿನದಿಂದ ಏನು ನಡೆಯುತ್ತೆ? ಸಭೆ, ನೋಟಿಸು, ವಿವರಣೆ. ಆಮೇಲೆ ‘ಪಾಸಿಂಗ್ ಪ್ಯಾಕೇಜ್’. ಯಾವ ಪಾಠದಿಂದ ಯಾವ ಪ್ರಶ್ನೆ ಬರಬಹುದು, ಯಾವ ಚಿತ್ರ ಬಿಡಿಸಿದರೆ ನಾಲ್ಕು ಅಂಕ. ಅದನ್ನೇ ಹತ್ತು ಸಲ ಬರೆಸೋದು. ಗಣಿತದ ಮೇಷ್ಟ್ರಿಗೆ ಗೊತ್ತು, ಈ ಹುಡುಗನಿಗೆ ಭಾಗಾಕಾರವೇ ಬರಲ್ಲ ಅಂತ. ನಿಂತು ಭಾಗಾಕಾರ ಕಲಿಸಬೇಕು ಅಂತ ಅವರ ಮನಸ್ಸು ಹೇಳುತ್ತೆ. ಆದರೆ ವಾರದ ಕಿರುಪರೀಕ್ಷೆಯ ಅಂಕ ಸಂಜೆಯೊಳಗೆ ಮೊಬೈಲಿನಲ್ಲಿ ತುಂಬಬೇಕು. ಭಾಗಾಕಾರ ಹಾಗೇ ಉಳಿಯುತ್ತೆ. 1862ರ ಮೇಷ್ಟ್ರಿಗೂ ಈ ಮೇಷ್ಟ್ರಿಗೂ ನನಗೆ ಏನೂ ವ್ಯತ್ಯಾಸ ಕಾಣಲ್ಲ.

ಇನ್ನೊಂದು ಮಾತೂ ಹೇಳಬೇಕು, ಬೇಜಾರಾಗಬೇಡಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಕೋಣೆಯಲ್ಲಿ ನಮ್ಮನ್ನು ನಂಬಿ ನಿಲ್ಲಿಸಿದ್ದರು. ಆ ನಂಬಿಕೆಯನ್ನು ನಮ್ಮಲ್ಲೇ ಕೆಲವರು ಉಳಿಸಿಕೊಳ್ಳಲಿಲ್ಲ. ಕೈಯಲ್ಲಿದ್ದದ್ದು ಹೋಗೋದು ಹೀಗೂ ಇರುತ್ತೆ.

ಈಗ ನಮ್ಮ ನಿಜಾಮರ ಕಾಲಕ್ಕೆ ಬರೋಣ. ಬೀದರ, ಗುಲ್ಬರ್ಗಾ ಆಗ ಹೈದರಾಬಾದ್ ರಾಜ್ಯದಲ್ಲಿ. ಮುಂಬಯಿ ಪ್ರಾಂತದಲ್ಲಿ ಧಾರವಾಡಕ್ಕೆ ಡೆಪ್ಯೂಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿ ಸಿಕ್ಕರು, ಅಧಿಕಾರದಲ್ಲಿದ್ದುಕೊಂಡೇ ಕನ್ನಡ ಶಾಲೆ ಬೆಳೆಸಿದರು. ನಮಗೆ ಆ ಭಾಗ್ಯ ಇರಲಿಲ್ಲ. ಇಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು, ಉರ್ದು ಮಾಧ್ಯಮದಲ್ಲೇ. ಒಂದು ದೇಶಭಾಷೆಯಲ್ಲಿ ವಿಜ್ಞಾನ, ವೈದ್ಯ ಎಲ್ಲ ಕಲಿಸಿದ್ದು ದೊಡ್ಡ ಸಾಹಸ, ಅದನ್ನು ಒಪ್ಪಬೇಕು. ಆದರೆ ಕನ್ನಡ, ಮರಾಠಿ, ತೆಲುಗು ಮನೆಯ ಮಕ್ಕಳಿಗೆ ಮೇಲಿನ ಓದು ಪರಭಾಷೆಯ ಓದಾಯಿತು. ಶಾಲೆಗಳಿಗೂ ಹೆಸರು ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ. ಅಂದರೆ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ. ನಮ್ಮ ಹಿರಿಯರು ಇವತ್ತಿಗೂ ‘ವಸ್ತಾನಿಯಾ ತನಕ ಓದೀನಿ’ ಅಂತಾರೆ. ಖಾಸಗಿಯಾಗಿ ಶಾಲೆ ನಡೆಸಬೇಕಂದರೆ ಸರ್ಕಾರದ ಅನುಮತಿ ಬೇಕಿತ್ತು, ಅದು ಸುಲಭಕ್ಕೆ ಸಿಗುತ್ತಿರಲಿಲ್ಲ.

ನಮ್ಮ ತಂದೆ ಸೇಡಂ ಕಡೆಯ ಒಂದು ಹಳ್ಳಿಯಲ್ಲಿ 1940ರ ಸುಮಾರಿಗೆ ಓದಿದವರು. ಅವರ ಮೇಷ್ಟ್ರನ್ನು ಎಲ್ಲರೂ ಮೌಲ್ವಿ ಸಾಬ್ ಅನ್ನುತ್ತಿದ್ದರಂತೆ. ತರಗತಿಯಲ್ಲಿ ಬಹುಪಾಲು ಕನ್ನಡ ಹುಡುಗರು. ಮಗ್ಗಿ ಉರ್ದುವಿನಲ್ಲಿ ಹೇಳಿಸಿದರೆ ಬಾಯಿ ಓಡುತ್ತೆ, ತಲೆಗೆ ಹೋಗಲ್ಲ. ಮೌಲ್ವಿ ಸಾಬರಿಗೆ ಇದು ಒಂದೇ ವಾರದಲ್ಲಿ ಗೊತ್ತಾಯಿತು. ಬಾಗಿಲು ಸ್ವಲ್ಪ ಮುಂದೆ ಮಾಡಿ ‘ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು’ ಅಂತ ಕನ್ನಡದಲ್ಲೇ ಹೇಳಿಸಿದರು. ಅವರಿಗೆ ಕನ್ನಡ ಮಗ್ಗಿ ಪೂರ್ತಿ ಬರುತ್ತಿರಲಿಲ್ಲ, ಹುಡುಗರಿಂದಲೇ ಕಲಿತರಂತೆ. ಕಿಟಕಿ ಹತ್ತಿರ ಒಬ್ಬ ಹುಡುಗನನ್ನು ಕೂಡಿಸಿದ್ದರು. ಮೇಲಿನ ಸಾಹೇಬರ ಟಾಂಗಾ ಕಂಡರೆ ಅವನು ಕೆಮ್ಮಬೇಕು. ಕೆಮ್ಮಿದ ಕೂಡಲೇ ಇಡೀ ತರಗತಿ ‘ದೋ ದೂನಿ ಚಾರ್’ಗೆ ಹೊರಳುತ್ತಿತ್ತು. ಕಿಟಕಿ ಹತ್ತಿರ ಕೂತು ಕೆಮ್ಮುತ್ತಿದ್ದ ಆ ಹುಡುಗ ನಮ್ಮಪ್ಪ. ತೊಂಬತ್ತರ ಹತ್ತಿರ ಬಂದಾಗಲೂ ಅಪ್ಪ ಮೌಲ್ವಿ ಸಾಬರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದರು.

ಇದೇ ಕಾಲದಲ್ಲಿ ಇನ್ನೊಬ್ಬ ಮೇಷ್ಟ್ರು ಬೇರೆ ದಾರಿ ಹಿಡಿದರು. ವೆಂಕಟೇಶ ಖೇಡಗೀಕರ ಅಂತ ಹೆಸರು. ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ, ಆಮೇಲೆ ಅಂಬಾಜೋಗಾಯಿಯಲ್ಲಿ ಮುಖ್ಯ ಶಿಕ್ಷಕರಾಗಿದ್ದರು. ನಮಗೆ ಅವರು ಸ್ವಾಮಿ ರಮಾನಂದ ತೀರ್ಥರಾಗಿ ಗೊತ್ತು. ಹೈದರಾಬಾದ್ ವಿಮೋಚನೆಯ ಹೋರಾಟ ನಡೆಸಿದವರು. 1952ರಲ್ಲಿ ಗುಲ್ಬರ್ಗಾದಿಂದಲೇ ಲೋಕಸಭೆಗೆ ಹೋದವರು. ತರಗತಿಯೊಳಗೆ ಜಾಗ ಸಾಲದೆ ಬೀದಿಗೆ ಬಂದ ಮೇಷ್ಟ್ರು. ಒಬ್ಬರು ಬಾಗಿಲು ಮುಂದೆ ಮಾಡಿಕೊಂಡರು, ಒಬ್ಬರು ಬಾಗಿಲು ದಾಟಿದರು. ಇಬ್ಬರಲ್ಲಿ ಯಾರು ದೊಡ್ಡವರು ಅಂತ ನಾನು ತೂಗಲ್ಲ.

1948ರ ಸೆಪ್ಟೆಂಬರಿನಲ್ಲಿ ನಾವು ಭಾರತಕ್ಕೆ ಸೇರಿದೆವು, 1956ರಲ್ಲಿ ಕನ್ನಡ ನಾಡಿಗೆ. ಶಾಲೆ ಕನ್ನಡವಾಯಿತು. ಊರೂರಿಗೂ ಶಾಲೆ ಬಂತು. ಹೆಣ್ಣುಮಕ್ಕಳು ಬಂದರು, ಹೊಲೆಗೇರಿಯಿಂದ ಬಂದರು, ತಾಂಡಾದಿಂದ ಬಂದರು. ಇದನ್ನು ಮಾಡಿದ್ದು ಸರ್ಕಾರ. ಮೇಷ್ಟ್ರ ಮರ್ಜಿಗೆ ಬಿಟ್ಟಿದ್ದರೆ ಎಷ್ಟು ಊರಲ್ಲಿ ಆಗುತ್ತಿತ್ತೋ! 1882ರಲ್ಲೇ ಜ್ಯೋತಿಬಾ ಫುಲೆ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗದ, ಅಂದರೆ ಹಂಟರ್ ಆಯೋಗದ ಮುಂದೆ ಇದನ್ನೇ ಹೇಳಿದ್ದರು. ಶಿಕ್ಷಕರು ಒಕ್ಕಲು ಮಕ್ಕಳಿಂದಲೇ ಬರಬೇಕು, ಜನರ ಜೊತೆ ಬೆರೆಯೋರಾಗಿರಬೇಕು, ಅವರಿಗೆ ಸರಿಯಾದ ತರಬೇತಿ, ಸರಿಯಾದ ಸಂಬಳ ಬೇಕು ಅಂತ. ಹಾಗಾಗಿ ಸರ್ಕಾರದ ಕೈ ತರಗತಿಯಲ್ಲಿ ಇರಲೇಬಾರದು ಅಂತ ನಾನು ಹೇಳಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆಯಾ ಅಂತ ಅವರು ನೋಡಲಿ, ಕಡ್ಡಾಯವಾಗಿ ನೋಡಲಿ. ಒಳಗೆ ಬಂದ ಮಗುವಿಗೆ ಮೊದಲು ಯಾವ ಅಕ್ಷರ ಅನ್ನೋದನ್ನು ಮಗುವಿನ ಮುಂದೆ ಕೂತವರಿಗೆ ಬಿಡಲಿ. ನನ್ನ ವಾದ ಇಷ್ಟೇ.

ಅಕ್ಷರದ ಮಾತು ಬಂತು. ನನ್ನದೇ ಒಂದು ಅನುಭವ ಹೇಳ್ತೀನಿ.

1988. ಚಿಂಚೋಳಿ ಕಡೆ ಒಂದು ತಾಂಡಾ. ಒಂದೇ ಕೋಣೆ, ನಾನೊಬ್ಬಳೇ. ಒಂದನೇ ತರಗತಿಗೆ ಹದಿನೆಂಟು ಮಕ್ಕಳು. ಎಲ್ಲರ ಮನೆಮಾತು ಲಂಬಾಣಿ. ಪುಸ್ತಕ ತೆಗೆದು ಚಿತ್ರ ತೋರಿಸಿ ‘ಅಮ್ಮ’ ಅಂದೆ. ಮಕ್ಕಳು ಸುಮ್ಮನೆ ನನ್ನ ಮುಖ ನೋಡಿದರು. ಎರಡು ವಾರ ಹೀಗೇ ಹೋಯಿತು. ಒಂದು ದಿನ ಮುಂದಿನ ಸಾಲಿನ ಹುಡುಗಿ ಆ ಚಿತ್ರದ ಮೇಲೆ ಬೆರಳಿಟ್ಟು ‘ಯಾಡಿ’ ಅಂದಳು. ತಾಯಿಗೆ ಅವರು ಯಾಡಿ ಅಂತಾರೆ. ನಾನು ಹಲಗೆ ಮೇಲೆ ಕನ್ನಡ ಅಕ್ಷರದಲ್ಲಿ ‘ಯಾಡಿ’ ಅಂತ ಬರೆದೆ. ಬೆರಳಿಟ್ಟು ಓದಿದೆ. ಹದಿನೆಂಟು ಮಕ್ಕಳೂ ಒಂದೇ ದನಿಯಲ್ಲಿ ಯಾಡಿ ಅಂದರು. ಆಮೇಲೆ ‘ಬಾಟಿ’ ಬರೆದೆ, ಅಂದರೆ ರೊಟ್ಟಿ. ಆಮೇಲೆ ‘ಪಾಣಿ’. ಪುಸ್ತಕದ ಲೆಕ್ಕದಲ್ಲಿ ಯ ಬರೋದು ಬಹಳ ತಡವಾಗಿ. ಅದಕ್ಕೆ ದೀರ್ಘ ಹಚ್ಚೋದು ಇನ್ನೂ ತಡ. ಆದರೆ ಮೂರು ವಾರದಲ್ಲಿ ಅವರು ಒಂಬತ್ತು ಹತ್ತು ಅಕ್ಷರ ಬರೆದರು, ತಮ್ಮ ತಾಯಿಯ ಹೆಸರೂ ಬರೆದರು. ಪುಸ್ತಕದ ಮೊದಲ ಪಾಠ ಮಾತ್ರ ಇನ್ನೂ ಮುಟ್ಟಿರಲಿಲ್ಲ.

ಆಗ ಸಾಹೇಬರು ಬಂದರು. ಜೀಪಿನ ಸದ್ದಿಗೆ ನಾನು ಪಾಠ ನಿಲ್ಲಿಸಿದೆ, ಮಕ್ಕಳು ಎದ್ದು ನಿಂತರು. ಮಾರಯ್ಯನ ಮಾತು ಆಗ ನನಗೆ ನೆನಪಿಗೆ ಬರಲಿಲ್ಲ. ಅವರು ಪುಸ್ತಕದ ಎಂಟನೇ ಪುಟ ಓದಿ ಅಂದರು. ಯಾರಿಗೂ ಬರಲಿಲ್ಲ. ಹಲಗೆ ಮೇಲಿನ ‘ಬಾಟಿ’ ನೋಡಿ ಇದೇನು ಅಂದರು. ಹೇಳಿದೆ. ಭೇಟಿ ಪುಸ್ತಕ ತರಿಸಿಕೊಂಡು ಶರಾ ಬರೆದರು. ‘ಪಠ್ಯಕ್ರಮ ಪಾಲನೆಯಾಗಿರುವುದಿಲ್ಲ. ತರಗತಿಯಲ್ಲಿ ತಾಂಡಾ ಭಾಷೆಯ ಬಳಕೆ ನಿಲ್ಲಿಸತಕ್ಕದ್ದು.’ ಕೆಳಗೆ ನನ್ನ ಸಹಿ.

ನಾನು ನಿಲ್ಲಿಸಿಬಿಟ್ಟೆ. ಇದನ್ನು ಹೇಳಲು ಇವತ್ತಿಗೂ ನನಗೆ ಕಷ್ಟ ಆಗುತ್ತೆ. ಹೊಸ ನೌಕರಿ, ಪ್ರೊಬೇಷನ್ನು, ಹೆದರಿಕೆ. ಪುಸ್ತಕದ ಪ್ರಕಾರವೇ ಹೋದೆ. ತಿಂಗಳಾಗೋದರಲ್ಲಿ ಹದಿನೆಂಟರಲ್ಲಿ ಏಳು ಮಕ್ಕಳು ಬರೋದು ಬಿಟ್ಟರು. ‘ಯಾಡಿ’ ಅಂದ ಹುಡುಗಿಯೂ ಅವರಲ್ಲಿ ಒಬ್ಬಳು. ಪಗಾರದ ದಿನ ತಾಲೂಕಿಗೆ ಹೋದಾಗ ಒಬ್ಬ ಹಿರಿಯ ಮುಖ್ಯ ಗುರುಗಳ ಮುಂದೆ ಇದನ್ನೆಲ್ಲ ಹೇಳಿ ಅತ್ತುಬಿಟ್ಟೆ. ಅವರು ಚಹಾ ಕುಡಿಸಿ ಒಂದೇ ಮಾತು ಅಂದರು. ‘ನೋಡವ್ವ, ಶರಾ ಬರದವ್ರು ಜೀಪಿನ್ಯಾಗ ಹೋದ್ರು. ಮಕ್ಕಳ ಮುಂದ ದಿನಾ ನಿಂದ್ರಾಕಿ ನೀನು.’ ಮಾರನೇ ದಿನ ನಾನು ಆ ಏಳೂ ಮನೆಗೆ ಹೋದೆ. ಐದು ಮಕ್ಕಳು ವಾಪಸ್ ಬಂದರು. ಇಬ್ಬರ ಮನೆಯವರು ಅಷ್ಟರಲ್ಲಿ ದುಡಿಯಲು ಮುಂಬಯಿಗೆ ಹೋಗಿದ್ದರು. ಆ ಹುಡುಗಿಯ ಮನೆಗೂ ಬೀಗ ಹಾಕಿತ್ತು.

ಮಕ್ಕಳ ಮನೆಮಾತಿನಿಂದ ಅಕ್ಷರ ಕಲಿಸಿದ್ದು ಸರಿಯೋ ತಪ್ಪೋ ಅಂತ ಆಗ ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದ ನಂತರ ಒಂದು ತರಬೇತಿಯಲ್ಲಿ 1966ರ ಅಕ್ಟೋಬರ್ 5ರ ದಾಖಲೆ ಒಂದು ಓದಲು ಸಿಕ್ಕಿತು. ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪ್ಯಾರಿಸಿನಲ್ಲಿ ಸೇರಿ ಒಪ್ಪಿದ, ಶಿಕ್ಷಕರ ಸ್ಥಾನಮಾನದ ಶಿಫಾರಸು. ಅಕ್ಟೋಬರ್ 5 ವಿಶ್ವ ಶಿಕ್ಷಕರ ದಿನ ಆದದ್ದು ಅದರಿಂದಲೇ. ಅದರ 61ನೇ ಪರಿಚ್ಛೇದ ಹೇಳೋದು ಇಷ್ಟು: ತನ್ನ ಮಕ್ಕಳಿಗೆ ಯಾವ ಪಾಠೋಪಕರಣ, ಯಾವ ವಿಧಾನ ಸರಿಹೊಂದುತ್ತೆ ಅಂತ ತೀರ್ಮಾನಿಸಲು ಶಿಕ್ಷಕರೇ ಹೆಚ್ಚು ಅರ್ಹರು. 63ನೇದು ತಪಾಸಣೆಯ ಬಗ್ಗೆ. ತಪಾಸಣೆ ಶಿಕ್ಷಕರಿಗೆ ನೆರವಾಗಬೇಕು, ಅವರ ಸ್ವಾತಂತ್ರ್ಯ, ಹೊಣೆಗಾರಿಕೆ ಕುಗ್ಗಿಸಬಾರದು. ನಾನು ಅದನ್ನು ಎರಡು ಸಲ ಓದಿದೆ. ಆ ಶರಾ ಬರೆಯೋ ಹೊತ್ತಿಗೆ ಈ ಮಾತಿಗೆ 22 ವರ್ಷ ಆಗಿತ್ತು! ಚಿಂಚೋಳಿ ತನಕ ಅದನ್ನು ಯಾರೂ ತಂದಿರಲಿಲ್ಲ, ಅಷ್ಟೇ.

ನಮ್ಮ ರಾಜ್ಯದಲ್ಲಿ ಶಿಕ್ಷಕರಿಗೆ ಬಿಟ್ಟುಕೊಟ್ಟಾಗ ಏನಾಯಿತು ಅನ್ನೋದಕ್ಕೆ ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದರು. ಬಂದವರು ತಾವೇ ಕೂತು ಪಾಠದ ಕಾರ್ಡು ಬರೆದರು, ಯಾವುದರ ನಂತರ ಯಾವುದು ಅಂತ ತೋರಿಸೋ ಕಲಿಕಾ ಏಣಿ ಮಾಡಿದರು, ಹಾಡು ಕಟ್ಟಿದರು. ಯುನಿಸೆಫ್ ನೆರವು ಕೊಟ್ಟಿತು. ಕಾಡಂಚಿನ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿತರು. ತುಂಬಾ ಚೆನ್ನಾಗಿತ್ತು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ನಮ್ಮ ಶಾಲೆಗೂ ಕಾರ್ಡಿನ ಪೆಟ್ಟಿಗೆ ಬಂತು. ಪೆಟ್ಟಿಗೆ ತೆಗೆದಾಗ ನನಗೆ ಖುಷಿಯೂ ಆಯಿತು, ಒಂಥರಾ ಸಂಕಟವೂ ಆಯಿತು. ಆ ಶಿಕ್ಷಕರಿಗೆ ತಮ್ಮ ಮಕ್ಕಳನ್ನು ನೋಡಿ ಕಾರ್ಡು ಬರೆಯೋ ಅವಕಾಶ ಸಿಕ್ಕಿತ್ತು. ನಮಗೆ ಸಿಕ್ಕಿದ್ದು ಅವರು ಬರೆದ ಕಾರ್ಡು. ಕಾರ್ಡಿನ ಕ್ರಮ ಬದಲಿಸಬಹುದಾ ಅಂತ ಕೇಳಿದೆ. ಬೇಡ, ಇದ್ದಂಗೆ ಮಾಡ್ರಿ ಅಂದರು.

ಕಾನೂನಿನ ಮಾತು ಬೇಗ ಮುಗಿಸ್ತೀನಿ. 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ಹಚ್ಚುವಂತಿಲ್ಲ. ಚುನಾವಣೆ ಅನ್ನೋ ಒಂದು ಪದದಲ್ಲಿ ವರ್ಷಪೂರ್ತಿ ಬಿಎಲ್‌ಒ ಕೆಲಸ, ಅಂದರೆ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳೋ ಕೆಲಸ, ಹಿಡಿಸಿಬಿಡುತ್ತೆ, ಅದು ನಿಮಗೆ ಗೊತ್ತು. ವಕೀಲರಿಗೆ 1961ರ ಕಾಯ್ದೆಯಿಂದ ಬಾರ್ ಕೌನ್ಸಿಲ್ ಇದೆ, ಅವರೇ ಆರಿಸುತ್ತಾರೆ, ತಪ್ಪು ಮಾಡಿದವರನ್ನು ಅವರೇ ವಿಚಾರಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ಶಿಕ್ಷಕರಿಗೂ 1965ರ ಕಾಯ್ದೆಯಿಂದ ಅಂಥ ಕೌನ್ಸಿಲ್ ಇದೆ, ಅದರಲ್ಲಿ ಶಿಕ್ಷಕರೇ ಆರಿಸಿದ ಸದಸ್ಯರು ಇರುತ್ತಾರೆ. ನಮ್ಮಲ್ಲಿ ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಇದೆ, ಅದರ ಸದಸ್ಯರನ್ನು ಆರಿಸಲು ನನಗೆ ನಿಮಗೆ ಯಾರಿಗೂ ಮತ ಇಲ್ಲ.

ಮತದ ಮಾತು ಬಂದ ಮೇಲೆ ಇನ್ನೊಂದು. ವಿಧಾನ ಪರಿಷತ್ತಿಗೆ ನಮ್ಮ ಭಾಗದಿಂದ ಈಶಾನ್ಯ ಶಿಕ್ಷಕರ ಕ್ಷೇತ್ರ ಇದೆ. ಸಂವಿಧಾನದ 171ನೇ ವಿಧಿ ಕೊಟ್ಟ ಅವಕಾಶ. ಆದರೆ ಮತ ಇರೋದು ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನವರಿಗೆ. ಪ್ರಾಥಮಿಕ ಶಾಲೆಯ ಶಿಕ್ಷಕರು ಆ ಲೆಕ್ಕದಲ್ಲಿ ಶಿಕ್ಷಕರೇ ಅಲ್ಲ! 34 ವರ್ಷ ಅಕ್ಷರ ಕಲಿಸಿದೆ, ಒಂದು ಸಲವೂ ಆ ಕ್ಷೇತ್ರದಲ್ಲಿ ಮತ ಹಾಕಲಿಲ್ಲ. ಇನ್ನು ಅಂಗನವಾಡಿ ತಂಗಿಯರ ಮಾತು ಏನು ಹೇಳಲಿ? 1975ರಿಂದ ಈ ಯೋಜನೆ ನಡೆದಿದೆ. ಮೂರು ವರ್ಷದ ಮಗುವಿನ ಮೊದಲ ಗುರು ಅವರು. ಇವತ್ತಿಗೂ ಸಂಬಳ ಅನ್ನಲ್ಲ, ಗೌರವಧನ ಅಂತಾರೆ.

ನಾಗಾವಿಯ ಭಂಡಾರಿಗರನ್ನು ಮತ್ತೆ ನೆನಪು ಮಾಡಿ ನಿಲ್ಲಿಸ್ತೀನಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಈಗ ಪಂಚಾಯಿತಿ ಗ್ರಂಥಾಲಯಕ್ಕೆ ಅರಿವು ಕೇಂದ್ರ ಅಂತ ಹೆಸರು. ಹೋದ ತಿಂಗಳು ಜೇವರ್ಗಿ ಕಡೆ ಒಂದಕ್ಕೆ ಹೋಗಿದ್ದೆ. ಸಂಜೆ ಐದು ಗಂಟೆ. ಒಳಗೆ ಹತ್ತು ಹನ್ನೆರಡು ಮಕ್ಕಳು. ಕಬ್ಬಿಣದ ಕಪಾಟಿನಲ್ಲಿ ಮೇಲಿಂದ ಬಂದ ಪುಸ್ತಕ. ದಪ್ಪ ದಪ್ಪ ಗ್ರಂಥ, ಎಷ್ಟೋ ಪುಸ್ತಕದ ಪುಟ ಕೂಡ ಬಿಡಿಸಿರಲಿಲ್ಲ. ಮೇಜಿನ ಕೆಳಗೆ ಒಂದು ರಟ್ಟಿನ ಡಬ್ಬಿ ಇತ್ತು. ಮಕ್ಕಳೆಲ್ಲ ಅದರ ಸುತ್ತ ಕೂತಿದ್ದರು. ಅದರಲ್ಲಿ ಚಿತ್ರಕಥೆ, ಪ್ರಾಣಿಗಳ ಪುಸ್ತಕ, ಒಂದಿಷ್ಟು ಒಗಟಿನ ಪುಸ್ತಕ. ಮೂಲೆ ಹರಿದಿದ್ದವು, ಟೇಪು ಹಚ್ಚಿದ್ದರು. ಇದು ಯಾವ ಸ್ಕೀಮಿನದು ಅಂತ ಕೇಳಿದೆ. ಮೇಲ್ವಿಚಾರಕ ತಮ್ಮ ತಲೆ ತಗ್ಗಿಸಿ ನಕ್ಕ. ‘ಯಾವ ಸ್ಕೀಮೂ ಇಲ್ಲ ಮೇಡಂ. ಹುಡುಗ್ರು ಏನ್ ಕೇಳ್ತಾವ ನನಗ ಗೊತ್ತದ. ಕಲಬುರಗಿಗಿ ಬಂದಾಗ ರದ್ದಿ ಅಂಗಡ್ಯಾಗ ಹುಡುಕಿ ಒಯ್ತೀನಿ. ಸ್ಟಾಕ್ ರಜಿಸ್ಟರ್ದಾಗ ಹತ್ತಿಸ್ಲಾಕ ಬರಲ್ಲ, ಅದಕ್ಕ ಮೇಜಿನ ಬುಡಕ ಇಟ್ಟೀನಿ.’

ಆ ತಮ್ಮ ಇವತ್ತು ಈ ಸಭೆಗೂ ಬಂದಿದ್ದಾನೆ. ಡಬ್ಬಿ ತಾ ಅಂತ ಹೇಳಿದ್ದೆ, ತಂದಿದ್ದಾನೆ. ಅಲ್ಲಿ ಬಾಗಿಲ ಹತ್ತಿರ ಇಟ್ಟಿದ್ದೇವೆ. ಊಟಕ್ಕೆ ಹೋಗುವಾಗ ನೋಡಿ. ನಿಮ್ಮ ಮನೆಯಲ್ಲಿ ಮಕ್ಕಳು ಓದಿ ಬಿಟ್ಟ ಪುಸ್ತಕ ಇದ್ದರೆ ಅವನ ಹತ್ತಿರ ಮಾತಾಡಿ.

ನನ್ನ ಮಾತು ಮುಗಿಯಿತು. ಈಗ ನಿಮ್ಮ ಮಾತು. ಪ್ರಾಥಮಿಕ ಶಾಲೆಯವರು, ಅಂಗನವಾಡಿಯವರು ಎಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಮೈಕು ಮೊದಲು ಅಲ್ಲಿಗೆ ಕೊಡ್ರಪ್ಪ.